ಕೆಂಡಿ ಬಾಯಿ ಬಿಡಲಿಲ್ಲ

ಬಾಗಿಲು ತೆರೆದಾಗ ಅವಳಿಗೆ ಮೊದಲು ಕಂಡದ್ದು ಅವನ ಬೆನ್ನು. ಎಡಭುಜ ತುಸು ಮೇಲೆ, ಕತ್ತು ತುಸು ಮುಂದೆ, ಏನನ್ನೋ ಬೀಳಿಸಿಕೊಂಡು ಹುಡುಕುತ್ತಿರುವವನ ಹಾಗೆ. ಆ ಬೆನ್ನನ್ನು ಅವಳು ಎಷ್ಟು ಪುಟಗಳಲ್ಲಿ ಚಿತ್ರವಾಗಿ ಬರೆದಿದ್ದಳೋ, ಕಣ್ಣು ಮುಚ್ಚಿದರೂ ಕೈ ತಾನಾಗಿ ಬರೆದೀತು.

ಅವಳು ಸದ್ದಿಲ್ಲದೆ ಬಾಗಿಲು ಎಳೆದುಕೊಂಡು ವಾಪಸ್ ಹೊರಟಳು.

"ಏ ಮಸಿ, ನಿಲ್ಲು!"

ಸಂಪಾದಕಿ ಕಾರಿಡಾರಿನವರೆಗೂ ಓಡಿ ಬಂದು ಅವಳ ಚೀಲದ ಪಟ್ಟಿ ಹಿಡಿದುಕೊಂಡಳು. ಐವತ್ತು ದಾಟಿದ, ಯಾರಿಗೂ ಹೆದರದ ಹೆಂಗಸು. ಸುಳ್ಳು ಹೇಳಿ ಸಿಕ್ಕಿಬಿದ್ದಾಗ ಮಾತ್ರ ಜಾಸ್ತಿ ಜೋರು ಮಾಡುತ್ತಿದ್ದಳು.

"ಕಥೆ ಬೇರೆ ಯಾರೋ ಬರೀತಾರೆ ಅಂದ್ರಲ್ಲ ಮೇಡಂ?"

"ನಿಜ ಹೇಳಿದ್ರೆ ನೀನು ಬರ್ತಿದ್ಯಾ?"

"ಇಲ್ಲ."

"ಅದಕ್ಕೇ ಹೇಳಲಿಲ್ಲ. ಅವನಿಗೂ ಹೇಳಿಲ್ಲ, ಬೇಕಾದ್ರೆ ಅಷ್ಟಕ್ಕೆ ಸಮಾಧಾನ ಮಾಡ್ಕೋ. ಬಾ ಒಳಗೆ."

ಉಗುರಿನ ಸಂದಿಯಲ್ಲಿ ಸದಾ ಇಂಕು ಇರುತ್ತಿದ್ದುದರಿಂದ ಅವಳಿಗೆ ಮಸಿ ಎಂದು ಹೆಸರು ಬಿದ್ದಿತ್ತು. ಅವನಿಗೆ ಗಡ್ಡ ಎಂದು. ಈಗ ಗಡ್ಡ ನುಣ್ಣಗೆ ಬೋಳಿಸಿಕೊಂಡಿದ್ದರೂ ಹೆಸರು ಬಿಟ್ಟಿರಲಿಲ್ಲ. ಅವನು ಕಥೆ ಬರೆದು ಇವಳು ಚಿತ್ರ ಬರೆದು ಇಬ್ಬರೂ ಸೇರಿ ಹುಟ್ಟಿಸಿದ ಕಾಮಿಕ್ 'ಹಗೆಮಂತ್ರ'. ಮುಖಪುಟದ ಮೂಲೆಯಲ್ಲಿ 'ದೊಡ್ಡವರಿಗೆ ಮಾತ್ರ' ಎಂಬ ಕೆಂಪು ಚೀಟಿ. ಒಳಗೆ ಬೆಂಕಿಮನೆಯ ಮಂತ್ರವಾದಿಗಳಿಗೂ ಮಂಜುಮನೆಯ ಮಂತ್ರವಾದಿಗಳಿಗೂ ತಲೆತಲಾಂತರದ ಹಗೆ. ಒಬ್ಬರು ಕೋಟೆ ಸುಟ್ಟರೆ ಇನ್ನೊಬ್ಬರು ನದಿಯನ್ನೇ ಹೆಪ್ಪುಗಟ್ಟಿಸುವವರು. ಬೆಂಕಿಮನೆಯ ಕೆಂಡಿ, ಮಂಜುಮನೆಯ ಕುಳಿರ, ಇಬ್ಬರೂ ಪ್ರತಿ ಸಂಚಿಕೆಯಲ್ಲೂ ಒಬ್ಬರನ್ನೊಬ್ಬರು ಕೊಲ್ಲಲು ಹೊರಟು, ಕೊನೆಯ ಪುಟದಲ್ಲಿ ಯಾಕೋ ಕೊಲ್ಲದೆ ತಿರುಗಿ ಬರುತ್ತಿದ್ದರು. ಓದುಗರು ಕಾಯುತ್ತಿದ್ದುದು ಆ 'ಯಾಕೋ'ಗಾಗಿ.

ನಾಲ್ಕು ವರ್ಷದ ಹಿಂದೆ ಅದು ಇದ್ದಕ್ಕಿದ್ದಂತೆ ನಿಂತುಹೋಯಿತು. ಈಗ ಹಳೆಯ ಸಂಚಿಕೆಗಳನ್ನು ಸೇರಿಸಿ ತಂದ ಪುಸ್ತಕ ಕೈಗೆ ಸಿಗದಂತೆ ಖರ್ಚಾಗಿ, ಮುಂದಿನದೆಲ್ಲಿ ಎಂದು ಜನ ಸಂಪಾದಕಿಯ ಪ್ರಾಣ ಹಿಂಡುತ್ತಿದ್ದರು.

ಅವಳು ಒಳಗೆ ಬಂದಾಗ ಗಡ್ಡ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು. ಅದನ್ನು ಎತ್ತುವುದೋ ಅವಳನ್ನು ನೋಡುವುದೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡಿದ.

"ಹೇಗಿದೀಯಾ?"

"ಕೂತ್ಕೊಳ್ಳಿ," ಎಂದಳು ಅವಳು. "ನಿಮ್ಮ ಕುರ್ಚಿ ಬಿದ್ದಿದೆ."

'ನಿಮ್ಮ' ಎಂಬುದು ಅವನಿಗೆ ಎಲ್ಲಿ ತಾಗಿತೋ, ಮುಖ ಸಣ್ಣದಾಯಿತು. ಒಂದೇ ಲೋಟದಲ್ಲಿ ಟೀ ಹಂಚಿಕೊಂಡು ಕುಡಿದವಳು, ಸಿಟ್ಟು ಬಂದರೆ 'ಲೋ' ಎನ್ನುತ್ತಿದ್ದವಳು. ಬೈಗುಳವಾಗಿದ್ದರೆ ತಡೆದುಕೊಂಡಾನು. ಮರ್ಯಾದೆಯನ್ನು ತಡೆದುಕೊಳ್ಳುವುದು ಕಷ್ಟ.

"ಒಂದು ಷರತ್ತಿದೆ," ಅವಳು ಸಂಪಾದಕಿಯನ್ನೇ ನೋಡುತ್ತ ಹೇಳಿದಳು. "ಈ ಸಂಚಿಕೆಯಲ್ಲಿ ಕೆಂಡಿ ಬಾಯಿ ಬಿಡಲ್ಲ. ಒಂದು ಮಾತೂ ಇಲ್ಲ. ಅವಳ ಬಾಯಿಗೆ ಇವರು ಮಾತು ತುರುಕಿದ್ದು ಸಾಕು."

"ಕಥಾನಾಯಕಿ ಮೂಗಿಯಾದ್ರೆ ಹೇಗಮ್ಮಾ?"

"ಮೂಗಿ ಅಲ್ಲ. ಕೋಪ ಬಂದಿದೆ ಅವಳಿಗೆ."

ಸಂಪಾದಕಿ ಗಡ್ಡನ ಕಡೆ ತಿರುಗಿದಳು. ಅವನು ಮೇಜಿನ ಮೇಲಿನ ಗೀರೊಂದನ್ನು ಉಗುರಿನಿಂದ ಉಜ್ಜುತ್ತಿದ್ದ.

"ಒಪ್ಪಿದೆ," ಎಂದ.

*

ಆ ಕೋಪದ ಕಥೆ ಇಷ್ಟು.

ನಾಲ್ಕು ವರ್ಷದ ಹಿಂದಿನ ಒಂದು ಸಂಜೆ, ಇದೇ ಕಚೇರಿಯ ಮೆಟ್ಟಿಲ ಮೇಲೆ ಅವಳು ಕೂತಿದ್ದಳು. ಅವಳಿಗೂ ಬೇರೆ ಒಬ್ಬನಿಗೂ ಮದುವೆ ನಿಶ್ಚಯವಾಗಿತ್ತು. ಆ ಮಧ್ಯಾಹ್ನ ಅವನು ಫೋನ್ ಮಾಡಿ, ನನಗೆ ಆಗಲ್ಲ ಎಂದು ಎರಡು ಮಾತಿನಲ್ಲಿ ಮುಗಿಸಿದ್ದ. ಅವಳು ಹೈಸ್ಕೂಲಿನಲ್ಲಿದ್ದಾಗ ಅಪ್ಪನೂ ಹಾಗೆಯೇ, ಒಂದು ಸೂಟ್‌ಕೇಸು ಹಿಡಿದು ಹೋದವನು ಮತ್ತೆ ತಿರುಗಿ ನೋಡಿರಲಿಲ್ಲ. ಗಡ್ಡ ಅವಳ ಪಕ್ಕ ಬಂದು ಕೂತ. ಯಾರ ಮುಂದೆಯೂ ಅಳದವಳು ಅವನ ಮುಂದೆ ಅತ್ತಳು. ಅತ್ತು, ಮೂಗು ಒರೆಸಿಕೊಂಡು, ಕೇಳಿದಳು:

"ನನ್ನನ್ನ ಬಿಟ್ಟು ಹೋಗೋದು ಎಲ್ಲರಿಗೂ ಇಷ್ಟು ಸುಲಭ ಯಾಕೆ?"

ಅವನು ರಸ್ತೆಯ ಕಡೆಗೆ ಮುಖ ತಿರುಗಿಸಿದ. ಬಾಟಲಿ ತೆಗೆದು ನೀರು ಕುಡಿದ. ಆಮೇಲೆ, "ನಿನ್ನ ಬಸ್ ಬಂತು," ಎಂದ.

ಅದನ್ನಾದರೂ ಅವಳು ಕ್ಷಮಿಸಿಯಾಳು. ಗಂಡಸರಿಗೆ ಮಾತು ಬರದ ಗಳಿಗೆಗಳಿರುತ್ತವೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು ಕೂಡ. ಆದರೆ ಆ ತಿಂಗಳ ಸಂಚಿಕೆ ಅಚ್ಚಾಗಿ ಬಂತು. ಕೊನೆಯ ಪುಟದಲ್ಲಿ ಸುಟ್ಟ ಕೋಟೆಯ ಬೂದಿಯ ನಡುವೆ ಕೆಂಡಿ ಒಬ್ಬಳೇ ನಿಂತ ಚಿತ್ರ. ಬಾಯಿ ಬಿಗಿದಿರುವಂತೆ ಅವಳು ಬರೆದಿದ್ದಳು, ಯಾಕೆಂದರೆ ಆ ಪುಟಕ್ಕೆ ಮಾತು ಬೇಡ ಎಂದು ಇಬ್ಬರೂ ಒಪ್ಪಿದ್ದರು. ಈಗ ಆ ಬಿಗಿದ ಬಾಯಿಯ ಮೇಲೊಂದು ಬಿಳಿ ಮಾತಿನ ಗುಳ್ಳೆ. ಅದರೊಳಗೆ ಮೆಟ್ಟಿಲ ಮೇಲೆ ಮಸಿ ಆಡಿದ ಅದೇ ಮಾತು, ಒಂದಕ್ಷರವೂ ಬದಲಾಗದೆ. ಪ್ರೆಸ್ಸಿಗೆ ಹೋಗುವ ದಿನ ಗಡ್ಡನೇ ಹೋಗಿ ಸೇರಿಸಿ ಬಂದಿದ್ದ.

ಓದುಗರು ಆ ಸಾಲಿಗೆ ಹುಚ್ಚಾದರು. ಟೀಶರ್ಟಿನ ಮೇಲೆ ಹಾಕಿಕೊಂಡರು. ಒಂದು ದಿನ ಬಸ್ಸಿನಲ್ಲಿ ಅವಳ ಮುಂದೆಯೇ ನಿಂತಿದ್ದ ಯಾರೋ ಅಪರಿಚಿತೆ ಚೂಯಿಂಗ್ ಗಮ್ ಜಗಿಯುತ್ತ ಆ ಪ್ರಶ್ನೆಯನ್ನು ಎದೆಯ ಮೇಲೆ ಹೊತ್ತಿದ್ದಳು. ಮಸಿ ನಡುದಾರಿಯಲ್ಲೇ ಇಳಿದುಬಿಟ್ಟಳು. ಆವತ್ತಿನಿಂದ ಹಗೆಮಂತ್ರಕ್ಕೆ ಕೈ ಹಚ್ಚಲಿಲ್ಲ. ಪಠ್ಯಪುಸ್ತಕಗಳಿಗೆ ಕಪ್ಪೆಯ ಹೃದಯ, ಹೂವಿನ ಕೇಸರ ಬರೆಯುತ್ತ ಕಾಲ ಹಾಕಿದಳು. ಗಡ್ಡ ಮಾಡಿದ ಫೋನುಗಳಿಗೆ ಉತ್ತರವಿರಲಿಲ್ಲ.

*

ಕೆಲಸ ಶುರುವಾಯಿತು. ಅದನ್ನು ಕೆಲಸ ಎನ್ನುವುದಕ್ಕಿಂತ ಯುದ್ಧ ಎನ್ನಬೇಕು.

ಅವಳು ಕುಳಿರನ ಮೂಗನ್ನು ಪುಟಪುಟಕ್ಕೂ ಬೆಳೆಸಿದಳು. ಗಡ್ಡನಿಂದ ಮೆಸೇಜ್ ಬಂತು: 'ಎರಡನೇ ಪುಟದಿಂದ ಐದನೇ ಪುಟಕ್ಕೆ ಬರುವಷ್ಟರಲ್ಲಿ ಕುಳಿರನ ಮೂಗು ಒಂದು ಗೇಣು ಬೆಳೆದಿದೆ. ಮಂತ್ರವೋ, ದ್ವೇಷವೋ?'

'ಎರಡೂ.'

ಅವನು ಸೇಡು ತೀರಿಸಿಕೊಂಡ. ಮುಂದಿನ ಪುಟದ ವಿವರಣೆ ಹೀಗಿತ್ತು: 'ಹತ್ತು ಸಾವಿರ ಕಪ್ಪೆಗಳ ಸೈನ್ಯ. ಪ್ರತಿ ಕಪ್ಪೆಯ ಮುಖಭಾವವೂ ಬೇರೆ. ಕೆಲವಕ್ಕೆ ಮನೆಯ ನೆನಪು ಕಾಡುತ್ತಿದೆ.' ಅವಳು ಹಲ್ಲು ಕಡಿದಳು. ಪುಟವಿಡೀ ಬೂದುಬಣ್ಣ ಬಳಿದು, ಮೂಲೆಯಲ್ಲಿ ಎರಡೇ ಎರಡು ಕಣ್ಣು ಬರೆದು ಕಳಿಸಿದಳು. ಕೆಳಗೆ ಟಿಪ್ಪಣಿ: 'ದಟ್ಟ ಮಂಜು. ಕಪ್ಪೆಗಳೆಲ್ಲ ಒಳಗಿವೆ. ಬೇಕಾದರೆ ಕೂಗಿ ಕರೆಯಿರಿ.'

ಸಂಪಾದಕಿ ಆ ಪುಟ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಇದನ್ನ ಹೀಗೇ ಅಚ್ಚು ಹಾಕ್ತೀನಿ," ಎಂದಳು.

ಕೆಂಡಿಗೆ ಮಾತಿಲ್ಲದ್ದರಿಂದ ಎಲ್ಲವನ್ನೂ ಅವಳ ನೋಟವೇ ಹೊರಬೇಕಿತ್ತು. ಗಡ್ಡ ಬರೆಯುತ್ತಿದ್ದ: 'ಕೆಂಡಿ ನೋಡುತ್ತಾಳೆ.' ಮಸಿ ಕೆಂಪು ಪೆನ್ನಿನಲ್ಲಿ ಕೇಳುತ್ತಿದ್ದಳು: 'ಹೇಗೆ?'

ಒಮ್ಮೆ ಉತ್ತರ ಬಂತು: 'ಇವತ್ತು ಬೆಳಿಗ್ಗೆ ಮೀಟಿಂಗಿನಲ್ಲಿ ನೀವು ನನ್ನನ್ನು ನೋಡಿದ ಹಾಗೆ. ಮೊದಲು ಕಣ್ಣು ಕಿರಿದು. ಆಮೇಲೆ, ನಾನು ನೋಡುತ್ತಿಲ್ಲ ಅಂದುಕೊಂಡಾಗ, ಬೇರೆಯೇ ಥರ.'

ಓದುತ್ತಿದ್ದಂತೆ ಅವಳ ಕಿವಿ ಬಿಸಿಯಾಯಿತು. ನೋಡುತ್ತಿದ್ದನೇ? ಸ್ಕೇಲು ಮೇಜಿನ ಮೇಲೆ ಕುಕ್ಕಿದಳು. ಅವಳಿಗೆ ನಗು ಬರುವುದರಲ್ಲಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಆದರೆ ಆ ಚೌಕದಲ್ಲಿ ಕೆಂಡಿಯ ನೋಟ ಬಂದಷ್ಟು ಚೆನ್ನಾಗಿ ಈ ಮೊದಲು ಎಂದೂ ಬಂದಿರಲಿಲ್ಲ. ರೆಪ್ಪೆಯ ಅಂಚಿನಲ್ಲಿ ಕಿಡಿ, ಕಣ್ಣಾಳದಲ್ಲಿ ಒದ್ದೆ.

ಕೊನೆಯ ಪುಟ ಮಾತ್ರ ಬರಲೊಲ್ಲದು.

*

ಪುಟ ತಡವಾಯಿತೆಂದು ಒಂದು ಭಾನುವಾರ ಬೆಳಿಗ್ಗೆ ಗಡ್ಡನೇ ಮನೆಗೆ ಬಂದ. ಬಾಗಿಲು ತೆಗೆದದ್ದು ಅವಳ ಅಮ್ಮ. ನರ್ಸ್ ಆಗಿ ರಿಟೈರ್ ಆದಾಕೆ. ಮನುಷ್ಯರನ್ನು ನೋಡಿದರೆ ಮೊದಲು ನಾಡಿ ಹಿಡಿಯುವಂತೆ ನೋಡುವವಳು.

"ಯಾರಪ್ಪಾ?"

"ಗಡ್ಡ ಅಂತ... ಅಂದ್ರೆ, ಕಥೆ ಬರೆಯೋನು."

"ಗಡ್ಡ ಎಲ್ಲಿ?"

"ತೆಗೆಸಿದೆ ಅಮ್ಮಾ."

"ಅದು ಹೋಗಿ ಬುದ್ಧಿ ಬಂತಾ?" ಅಮ್ಮ ಬಾಗಿಲಿಗೆ ಅಡ್ಡವಾಗಿಯೇ ನಿಂತಳು. "ನನ್ನ ಮಗಳು ಕರುಳು ಕಿವುಚಿಕೊಂಡು ಆಡಿದ ಮಾತನ್ನ ಜನ ಅಂಗಿ ಮೇಲೆ ಹಾಕ್ಕೊಂಡು ತಿರುಗ್ತಾರೆ. ನಿನಗೆ ನಿದ್ದೆ ಬರುತ್ತಾ?"

"ಅಷ್ಟಾಗಿ ಬರಲ್ಲ."

"ಒಳ್ಳೇದು. ಮಾತ್ರೆ ಕೇಳ್ಬೇಡ, ಕೊಡಲ್ಲ. ಒಳಗಿದಾಳೆ, ಹೋಗು. ಚಪ್ಪಲಿ ಬಿಟ್ಟು ಹೋಗು."

ಕೋಣೆ ಚಿಕ್ಕದು. ಓರೆ ಮೇಜು, ಕುತ್ತಿಗೆ ಬಗ್ಗಿಸಿದ ದೀಪ, ಡಬ್ಬಿ ತುಂಬ ಕುಂಚಗಳು, ಗೋಡೆಗೆ ಕ್ಲಿಪ್ ಹಾಕಿದ ಒದ್ದೆ ಹಾಳೆಗಳು. ಮೇಜಿನ ಮೇಲೆ ಕೊನೆಯ ಪುಟವಿತ್ತು. ಯುದ್ಧ ಮುಗಿದ ಬಯಲಿನಲ್ಲಿ ಕೆಂಡಿ ಮತ್ತು ಕುಳಿರ ಎದುರುಬದುರು. ಕುಳಿರನ ನಿಲುವಂಗಿಯ ಮಡಿಕೆ ಮಡಿಕೆಯೂ ಮುಗಿದಿತ್ತು. ಮುಖದ ಜಾಗ ಖಾಲಿ.

"ಮುಖ ಯಾಕೆ ಬಿಟ್ಟಿದೀರಿ?"

"ಬರ್ತಿಲ್ಲ."

"ಸ್ಕ್ರಿಪ್ಟಲ್ಲಿ ಬರೆದಿದ್ನಲ್ಲ. ಕುಳಿರ ಅವಳನ್ನ ನೋಡ್ತಾ ನಿಂತಿದಾನೆ ಅಂತ."

ಅವಳು ಕುಂಚವನ್ನು ನೀರಿಗೆ ಎಸೆದಳು. ನೀರು ಹಾರಿ ಅವನ ಅಂಗಿಯ ಮೇಲೆ ಕಪ್ಪಾಗಿ ಚಿಮ್ಮಿತು.

"ಆ ಮುಖ ಹೇಗಿರುತ್ತೆ ಅಂತ ನನಗೇನು ಗೊತ್ತು? ಆವತ್ತು ಮೆಟ್ಟಿಲ ಮೇಲೆ ನೀನು ರಸ್ತೆ ನೋಡ್ತಾ ಕೂತಿದ್ದೆ! ನಾನು ನೋಡಿದ್ದು ನಿನ್ನ ಕಿವಿ. ಬೇಕಾದ್ರೆ ಒಂದು ಕಿವಿ ಬರ್ಕೊಡ್ತೀನಿ, ಹಾಕ್ಕೋ!"

'ನೀನು' ಬಾಯಿ ಜಾರಿ ಬಂದಿತ್ತು. ಅವಳಿಗೆ ಅರಿವಾಗುವ ಮೊದಲೇ ಅವನಿಗೆ ಅರಿವಾಗಿತ್ತು. ಬೈಸಿಕೊಳ್ಳುತ್ತಿದ್ದವನ ಮುಖದಲ್ಲಿ, ಹಸಿದವನ ಮುಂದೆ ತಟ್ಟೆ ಇಟ್ಟಂತೆ ಏನೋ ಹರಡಿತು.

"ಏನು ಹಲ್ಲು ಬಿಡ್ತೀಯ?"

"ಇಲ್ಲ. ಬಯ್ಯಿ. ಪೂರ್ತಿ ಬೈದುಬಿಡು."

"ನನ್ನ ಅಪ್ಪನ ಬಗ್ಗೆ ನಾನು ಯಾರ ಹತ್ರಾನೂ ಹೇಳಿರಲಿಲ್ಲ. ನಿನ್ನ ಹತ್ರ ಹೇಳಿದೆ. ನೀನು ಅದನ್ನ ಗುಳ್ಳೆ ಮಾಡಿ ಅಂಟಿಸಿದೆ. ಒಂದು ಮಾತು ಕೇಳಿದ್ಯಾ? ಹಾಕ್ಲಾ ಅಂತ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಹೌದು! ಅದಕ್ಕೇ ಕೇಳೋದು!"

ಅವನು ತಲೆ ತಗ್ಗಿಸಿದ. "ಕದ್ದೆ. ಬೇರೆ ಮಾತಿಲ್ಲ ಅದಕ್ಕೆ. ಮುಂದಿನ ಸಂಚಿಕೆಯಲ್ಲಿ ಕುಳಿರ ಅವಳಿಗೆ ಉತ್ತರ ಕೊಡ್ತಾನೆ ಅಂತ ಇಟ್ಕೊಂಡಿದ್ದೆ. ಅದನ್ನ ಓದಿದ್ರೆ ನಿನಗೆ ಎಲ್ಲ ಗೊತ್ತಾಗುತ್ತೆ ಅಂತ..."

"ಉತ್ತರ ಬೇಕಾಗಿದ್ದು ನನಗೆ ಕಣೋ! ಕೆಂಡಿಗಲ್ಲ! ಕೆಂಡಿ ಬರೀ ಕಾಗದ. ನಾನು ನಿನ್ನ ಪಕ್ಕದಲ್ಲಿ ಕೂತಿದ್ದೆ, ಮೂಗಲ್ಲಿ ನೀರು ಸುರಿಸ್ಕೊಂಡು. ನೀನು ನೀರು ಕುಡಿದೆ!"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತುಹೋಯಿತು. ಅಮ್ಮ ಕೇಳುತ್ತಿದ್ದಳು, ಮುಚ್ಚುಮರೆಯಿಲ್ಲದೆ.

"ಭಯ ಆಯ್ತು," ಎಂದ ಗಡ್ಡ. ಕಥೆಗಾರನ ಮಾತಲ್ಲ ಅದು. ಒಂದೊಂದಾಗಿ, ಕಲ್ಲು ಎತ್ತಿಟ್ಟ ಹಾಗೆ ಬಂತು. "ಆವತ್ತೇ ನಿನ್ನ ಮದುವೆ ಮುರಿದಿತ್ತು. ಆವತ್ತೇ ನಾನು ಬಾಯಿ ಬಿಟ್ಟಿದ್ರೆ, ಇವನು ಇದಕ್ಕೇ ಕಾಯ್ತಿದ್ದ ಅಂತ ಅಂದ್ಕೊಳ್ತಿದ್ದೆ ನೀನು."

"ಕಾಯ್ತಿದ್ಯಾ?"

"ಹೂಂ."

ಕಿಟಕಿಯಾಚೆ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಲು ಹೆಣಗುತ್ತಿದ್ದರು. ಅದು ಕೆಮ್ಮಿ ಕೆಮ್ಮಿ ಸುಮ್ಮನಾಯಿತು.

ಅವಳು ಅವನ ಮುಖವನ್ನೇ ನೋಡಿದಳು. ಬೋಳಿಸಿದ ಗಲ್ಲದ ಮೇಲೆ ಒಂದು ಚಿಕ್ಕ ಗಾಯದ ಗುರುತು. ಇಷ್ಟು ವರ್ಷ ಗಡ್ಡದ ಮರೆಯಲ್ಲಿ ಇದ್ದದ್ದು, ಅವಳಿಗೆ ಗೊತ್ತೇ ಇರಲಿಲ್ಲ. ಕಣ್ಣು ತಪ್ಪಿಸದೆ ನಿಂತಿದ್ದ. ತಪ್ಪಿತಸ್ಥ, ಆದರೂ ಆಸೆ ಬಿಡದವ.

"ಹೋಗು," ಎಂದಳು.

"ಹೋಗ್ಲೇಬೇಕಾ?"

"ಹೋಗು ಅಂದೆನಲ್ಲ. ಪುಟ ನಾಳೆ ಬರುತ್ತೆ."

ಅವನು ಹೋದ. ಅವಳು ಕೂತು ಒಂದೇ ಉಸಿರಿಗೆ ಕುಳಿರನ ಮುಖ ಬರೆದಳು. ಮೂಗು ಈ ಸಲ ಸರಿಯಾಗಿಯೇ ಬಂತು.

ಅಮ್ಮ ಟೀ ತಂದಿಟ್ಟಳು. "ಗೇಟಿನ ಹತ್ರ ತುಂಬಾ ಹೊತ್ತು ನಿಂತಿದ್ದ. ನೀನು ಕರೀತೀಯೇನೋ ಅಂತ."

"ನೀನ್ಯಾಕೆ ನೋಡ್ತಿದ್ದೆ?"

"ಬಟ್ಟೆ ಒಣಗಿಸ್ತಿದ್ದೆ." ಅಮ್ಮನ ಕೈಯಲ್ಲಿ ಬಟ್ಟೆಯೂ ಇರಲಿಲ್ಲ, ಬಕೆಟ್ಟೂ ಇರಲಿಲ್ಲ.

*

ಎಲ್ಲ ಮುಗಿದು ಮುಖಪುಟ ನೋಡಲು ಸಂಪಾದಕಿ ಇಬ್ಬರನ್ನೂ ಕರೆಸಿದಳು. ಕಂಪ್ಯೂಟರನ್ನು ಅವರ ಕಡೆ ತಿರುಗಿಸಿ, ಅರಳಿದ ನಗುವಿನೊಂದಿಗೆ ಹಿಂದಕ್ಕೆ ಒರಗಿದಳು.

ಪರದೆಯ ತುಂಬ ಕೆಂಡಿಯ ಮುಖ. 'ಹಗೆಮಂತ್ರ ಮರಳಿ ಬಂದಿದೆ!' ಅದರ ಕೆಳಗೆ, ರಕ್ತ ತೊಟ್ಟಿಕ್ಕುವ ಅಕ್ಷರದಲ್ಲಿ, ಆ ಸಾಲು. ನನ್ನನ್ನ ಬಿಟ್ಟು ಹೋಗೋದು...

ಅವಳ ಕಿವಿಯಲ್ಲಿ ಗುಂಯ್ ಎಂದಿತು.

"ತೆಗೀರಿ ಅದನ್ನ!" ಗಡ್ಡ ಮೇಜು ಗುದ್ದಿದ. ಪೆನ್ನುಗಳ ಡಬ್ಬಿ ಉರುಳಿತು. "ಯಾರನ್ನ ಕೇಳಿ ಹಾಕಿದ್ರಿ? ಆ ಸಾಲು ಇದ್ರೆ ನನ್ನ ಹೆಸರು ಇರಲ್ಲ, ಕಥೇನೂ ಇರಲ್ಲ. ಪುಸ್ತಕಾನೇ ಬೇಡ!"

"ಏ, ನೀನೇ ಬರೆದ ಸಾಲಲ್ವೇನೋ ಅದು?" ಎಂದಳು ಸಂಪಾದಕಿ.

"ನೀನು ಸುಮ್ನಿರು," ಎಂದಳು ಅವಳು. ಗಡ್ಡನಿಗೆ. "ನನ್ನ ಪರವಾಗಿ ಕೂಗು ಅಂತ ನಿನಗ್ಯಾರು ಹೇಳಿದ್ದು? ಮತ್ತೆ ನನ್ನ ಬಾಯಿ ನೀನೇ ಆಗ್ತೀಯಾ?"

ಅವನು ಅರ್ಧ ತೆರೆದ ಬಾಯಿ ಮುಚ್ಚಿದ.

ಅವಳು ಸಂಪಾದಕಿಯ ಕಡೆ ತಿರುಗಿದಳು. ಧ್ವನಿ ಏರಲಿಲ್ಲ. ಏರದೆ ಇದ್ದುದರಿಂದಲೇ ಕೋಣೆಯಲ್ಲಿ ಫ್ಯಾನಿನ ಸದ್ದೂ ಕೇಳಿಸುವಂತಾಯಿತು.

"ಮೇಡಂ, ಅದು ನನ್ನ ಮಾತು. ನನ್ನ ಅಪ್ಪ ಬಿಟ್ಟು ಹೋದದ್ದಕ್ಕೆ, ಆ ಹುಡುಗ ಬಿಟ್ಟು ಹೋದದ್ದಕ್ಕೆ, ನಾನು ಅತ್ತು ಆಡಿದ ಮಾತು. ಈ ಮೆಟ್ಟಿಲ ಮೇಲೇ ಆಡಿದ್ದು. ಇವನು ನನ್ನನ್ನ ಕೇಳದೆ ಹಾಕಿದ. ನೀವೂ ಕೇಳದೆ ಹಾಕ್ತಿದೀರಿ. ಪುಸ್ತಕ ಬರ್ಲಿ. ಕೆಂಡಿ ಬರ್ಲಿ. ಅದು ಬರಬಾರದು."

ಸಂಪಾದಕಿಯ ನಗು ಎಲ್ಲಿತ್ತೋ ಅಲ್ಲೇ ಸತ್ತುಹೋಯಿತು. ಕಂಪ್ಯೂಟರನ್ನು ತನ್ನ ಕಡೆ ತಿರುಗಿಸಿಕೊಂಡು ಅಕ್ಷರ ಒಂದೊಂದನ್ನೇ ಅಳಿಸಿದಳು.

"ಆವತ್ತೇ ಹೇಳಬಾರದಿತ್ತೇನೇ ನನ್ನ ಹತ್ರ?"

"ಹೇಳಿದ್ರೆ ಅಳು ಬರ್ತಿತ್ತು. ಕೋಪ ಮಾಡ್ಕೊಂಡ್ರೆ ಬರಲ್ಲ."

*

ಅವಳು ರಸ್ತೆಗಿಳಿದು ಬಿರಬಿರನೆ ನಡೆದಳು. ಮಧ್ಯಾಹ್ನದ ಬಿಸಿಲು. ಹಿಂದೆ ಹೆಜ್ಜೆ ಸದ್ದು ಕೇಳುತ್ತಲೇ ಇತ್ತು. ಅವಳು ಜೋರು ಮಾಡಿದರೆ ಅದೂ ಜೋರು, ನಿಧಾನಿಸಿದರೆ ಅದೂ ನಿಧಾನ. ಬೀಗದ ಅಂಗಡಿಯ ಮುಂದೆ ಅವಳು ಗಕ್ಕನೆ ನಿಂತು ತಿರುಗಿದಳು. ಗಡ್ಡ ಇನ್ನೇನು ಅವಳಿಗೆ ಡಿಕ್ಕಿ ಹೊಡೆಯುವುದರಲ್ಲಿದ್ದ.

"ಯಾಕೆ ಹಿಂದೆ ಬರ್ತಿದೀಯಾ?"

"ಮಾತಾಡ್ಬೇಕು."

"ಬರ್ಕೊಂಡು ಬಂದಿದೀಯಾ?"

"ಇಲ್ಲ." ಅವನು ಎರಡೂ ಕೈ ಬಿಡಿಸಿ ತೋರಿಸಿದ, ಪೊಲೀಸರ ಮುಂದೆ ತೋರಿಸುವ ಹಾಗೆ. "ನಿನ್ನನ್ನ ಬಿಟ್ಟು ಹೋಗೋದು ನನಗೆ ಸುಲಭ ಅಲ್ಲ. ಪ್ರಯತ್ನಪಟ್ಟೆ. ಬೇರೆ ಊರಲ್ಲಿ ಕೆಲಸ ಹಿಡಿದೆ, ಗಡ್ಡ ತೆಗೆದೆ, ಒಂದು ಹುಡುಗಿ ಜೊತೆ ಎರಡು ಸಲ ಸಿನಿಮಾಕ್ಕೂ ಹೋದೆ. ಸಿನಿಮಾ ಉದ್ದಕ್ಕೂ ನೀನಿದ್ದಿದ್ರೆ ಇದಕ್ಕೆ ಏನಂತಿದ್ದೆ ಅಂತಾನೇ ಯೋಚನೆ. ಅವಳೇ ಎದ್ದು ಹೋದಳು. ನಿನ್ನ ಕಂಡ್ರೆ ಇಷ್ಟ ನನಗೆ. ಮೊದಲಿಂದಲೂ. ಅಷ್ಟೇ. ಇದಕ್ಕಿಂತ ಚೆನ್ನಾಗಿ ಹೇಳೋಕೆ ಬರ್ತಿಲ್ಲ."

"ಬರಹಗಾರನಂತೆ, ಬರಹಗಾರ!"

"ಬಯ್ಯಿ."

"ಬೈತೀನಿ. ನಿನಗೆ ಗೊತ್ತಾ, ನಿನ್ನ ಮೇಲಿನ ಕೋಪದಲ್ಲಿ ನಾಲ್ಕು ವರ್ಷ ನಾನು ಇನ್ನೊಬ್ಬರ ಜೊತೆ ಸರಿಯಾಗಿ ನಗಲಿಲ್ಲ. ಯಾರು ಒಳ್ಳೆಯವರಾಗಿ ಕಂಡ್ರೂ, ಇವನ ಮೇಲೆ ನನಗೆ ಇಷ್ಟು ಸಿಟ್ಟು ಬರುತ್ತಾ ಅಂತ ನೋಡ್ತಿದ್ದೆ. ಬರ್ತಾನೇ ಇರಲಿಲ್ಲ." ಅವಳು ಮುಖ ಮುಚ್ಚಿಕೊಳ್ಳಲಿಲ್ಲ. ಕಣ್ಣೀರು ಇಳಿಯಲು ಬಿಟ್ಟಳು, ಬಿಸಿಲಿನಲ್ಲಿ, ನಡುಬೀದಿಯಲ್ಲಿ. "ನಿನ್ನನ್ನ ಕೊಂದುಬಿಡ್ಬೇಕು ಅನ್ಸುತ್ತೆ."

"ಗೊತ್ತು."

ಅವನು ರಸ್ತೆ ನೋಡಲಿಲ್ಲ. ಅವಳನ್ನೇ ನೋಡುತ್ತ, ಹತ್ತಿರ ಬಂದು, ಹೆಬ್ಬೆರಳಿನಿಂದ ಅವಳ ಕೆನ್ನೆ ಒರೆಸಿದ. ಅವಳು ಆ ಕೈಯನ್ನು ತಳ್ಳಲೆಂದು ಹಿಡಿದಳು. ಹಿಡಿದದ್ದನ್ನು ಬಿಡುವುದು ಮರೆತಳು. ಜನ ಬಳಸಿಕೊಂಡು ಹೋಗುತ್ತಿದ್ದರು. ಬೀಗದ ಅಂಗಡಿಯವನು ಅರ ಉಜ್ಜುವುದನ್ನು ನಿಲ್ಲಿಸಿ ಗಲ್ಲಕ್ಕೆ ಕೈಯಿಟ್ಟು ನೋಡುತ್ತಿದ್ದ.

"ಕೋಪ ಹೋಯ್ತಾ?" ಗಡ್ಡ ಮೆಲ್ಲಗೆ ಕೇಳಿದ.

"ಇಲ್ಲ."

"ಯಾವಾಗ ಹೋಗುತ್ತೆ?"

"ಗೊತ್ತಿಲ್ಲ. ವರ್ಷಗಟ್ಟಲೆ ಹಿಡೀಬಹುದು. ನಿನಗೆ ಬೇರೆ ಏನಾದ್ರೂ ಕೆಲಸ ಇದ್ಯಾ?"

"ಇಲ್ಲ."

"ಹಾಗಾದ್ರೆ ಇರು," ಎಂದಳು ಅವಳು.